ಉಪ್ಪು ನೋಡುತ್ತಿದ್ದ ಅಕ್ಕ

"ಗುರುಗಳೇ, ನೀವು ನನಗೆ ಒಪ್ಪಿಸಿದ ಹನ್ನೊಂದು ಮಂದಿ ವಿದ್ಯಾರ್ಥಿಗಳು ನನ್ನನ್ನು ಕೇಳದೆ ಒಂದು ಸಾಲೂ ಬರೆಯುವುದಿಲ್ಲ. ನಾನು ನೋಡಿ ಸರಿ ಎಂದ ಮೇಲೆಯೇ ಮುಂದಿನ ಸಾಲು. ಇವರಿಗಿಂತ ಒಳ್ಳೆಯ ವಿದ್ಯಾರ್ಥಿಗಳು ಎಲ್ಲಿ ಸಿಗುತ್ತಾರೆ?" ಎಂದು ಶಿಷ್ಯ ಕೇಳಿದ. ಉತ್ತರ ಏನು ಬರುತ್ತದೆಂದು ಗೊತ್ತಿದ್ದವನಂತೆ ಅವನ ಮುಖ ಅರಳಿತ್ತು.

ಗುರುಗಳು ಅದಕ್ಕೆ ಉತ್ತರವಾಗಿ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಡುಗೆಯಾಕೆ ಇದ್ದಳು. ಮೂವತ್ತು ವರ್ಷ ಮದುವೆ ಮನೆಗಳಲ್ಲಿ ಒಲೆಯ ಮುಂದೆ ನಿಂತವಳು. ಗಂಡ ಬೇಗ ತೀರಿಕೊಂಡಿದ್ದ. ಸೌಟು ಹಿಡಿದೇ ಬದುಕಿದಳು, ಯಾರ ಮುಂದೆಯೂ ಕೈ ಚಾಚಲಿಲ್ಲ. ಮಂಡಿ ನೋವು ಹೆಚ್ಚಾಗಿ ದೊಡ್ಡ ಪಾತ್ರೆ ಎತ್ತಲು ಆಗದೆ ಹೋದಾಗ, ತನ್ನ ವಿದ್ಯೆ ತನ್ನೊಂದಿಗೇ ಮಣ್ಣಾಗಬಾರದು ಎಂದುಕೊಂಡಳು. ಊರ ಹಿರಿಯರನ್ನು ಕಾಡಿ ಬೇಡಿ ಸಮುದಾಯ ಭವನದ ಹಿಂದಿನ ಎರಡು ಕೋಣೆ ಪಡೆದಳು. ಒಂದರಲ್ಲಿ ಒಲೆ ಹೂಡಿದಳು. ಇನ್ನೊಂದರಲ್ಲಿ ಬನ್ನು, ಬಿಸ್ಕತ್ತು ಬೇಯಿಸುವ ಭಟ್ಟಿ ಕಟ್ಟಿಸಿದಳು. ಬೀಡಿ ಕಟ್ಟುವವರು, ಕಂಡವರ ಮನೆಯ ಪಾತ್ರೆ ತೊಳೆಯುವವರು, ಗಂಡ ಬಿಟ್ಟವರು, ಹೀಗೆ ಹನ್ನೆರಡು ಮಂದಿ ಬಡ ಹೆಂಗಸರು ಬಂದು ಸೇರಿದರು. ಎಲ್ಲರೂ ಅವಳನ್ನು ಅಕ್ಕ ಎಂದು ಕರೆದರು.

ಅಕ್ಕ ಗುಟ್ಟು ಮಾಡುವವಳಲ್ಲ. ಹಿಟ್ಟು ಎಷ್ಟು ನಾದಬೇಕು, ಭಟ್ಟಿ ಎಷ್ಟು ಕಾಯಬೇಕು, ನೂರು ಜನರಿಗೆ ಬೇಳೆ ಎಷ್ಟು, ಒಗ್ಗರಣೆ ಯಾವಾಗ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದಳು. ತಪ್ಪಿದವರನ್ನು ಗದರಲಿಲ್ಲ. ಹೆಂಗಸರೂ ಬೇಗ ಕಲಿತರು. ಬದುಕಬೇಕೆಂಬ ಹಟ ಇದ್ದವರ ಕೈಗೆ ಕೆಲಸ ಬೇಗ ಹತ್ತುತ್ತದೆ.

ಒಂದರಲ್ಲಿ ಮಾತ್ರ ಅವರು ಮಿಸುಕಲಿಲ್ಲ. ಬಡಿಸುವ ಮೊದಲು ಅಡುಗೆಯನ್ನು ನಾಲಗೆಗೆ ಹಚ್ಚಲು ಒಬ್ಬಳೂ ಒಪ್ಪಲಿಲ್ಲ. ಅವರ ಮನೆಗಳ ಪದ್ಧತಿ ಅದು. ದೇವರಿಗೆ ಎಡೆಯಾಗಿ, ಗಂಡಸರು, ಹಿರಿಯರು ಉಂಡೆದ್ದ ಮೇಲೆ ತಾನೇ ಸೊಸೆಯ ಬಾಯಿಗೆ ತುತ್ತು? ಅದಕ್ಕೂ ಮೊದಲು ರುಚಿ ನೋಡಿದರೆ ಅಡುಗೆಯೆಲ್ಲ ಎಂಜಲು, ನೋಡಿದವಳು ಹೊಟ್ಟೆಬಾಕಿ. ಆ ಬೈಗುಳ ಕೇಳದೆ ಬೆಳೆದವಳು ಆ ಹನ್ನೆರಡು ಮಂದಿಯಲ್ಲಿ ಯಾರೂ ಇರಲಿಲ್ಲ. ಮದುವೆ ಮನೆಗಳಲ್ಲಿ ಪಳಗಿದ ಅಕ್ಕ ಆ ಅಂಜಿಕೆಯನ್ನು ಎಂದೋ ಬಿಟ್ಟಿದ್ದಳು.

ಆ ಹೆಂಗಸರಲ್ಲಿ ನಿಂಬೆವ್ವ ಎಂಬವಳ ಕೈ ಎಲ್ಲರಿಗಿಂತ ಚುರುಕು. ಗಂಡ ಬಿಟ್ಟು ಹೋಗಿದ್ದ, ಒಬ್ಬಳೇ ಮಗಳು. ಮೊದಲನೆಯ ವಾರ ಅಕ್ಕ ಒಂದು ಸೌಟಿನಿಂದ ಸಾರನ್ನು ಅವಳ ಅಂಗೈಗೆ ಹಾಕಿ, "ನೋಡವ್ವ, ಉಪ್ಪು ಸಾಕಾತೇನು?" ಎಂದಳು.

ನಿಂಬೆವ್ವ ಅಂಗೈಯನ್ನು ಹಾಗೆಯೇ ಹಿಡಿದು ನಿಂತಳು. ಸಾರು ಆರಿತು, ಬೆರಳ ಸಂದಿಯಿಂದ ಇಳಿಯಿತು. "ನಾ ಹೆಂಗ ನೋಡ್ಲಿರಿ ಅಕ್ಕಾರ? ಇನ್ನೂ ಯಾರೂ ಉಂಡಿಲ್ಲ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಅಕ್ಕ ತನ್ನ ಸೆರಗಿನಿಂದ ಆ ಅಂಗೈ ಒರೆಸಿದಳು. "ಇರ್ಲಿ ಬಿಡವ್ವ, ನಾನದೀನಲ್ಲ," ಎಂದುಬಿಟ್ಟಳು.

ಅಷ್ಟೇ ಮಾತು. ಅದರಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ.

ಅಂದಿನಿಂದ ಹನ್ನೆರಡು ಸೌಟುಗಳೂ ಅಕ್ಕನ ಅಂಗೈಗೇ ಬಂದವು. ಸಾರು ಕುದಿಯಲಿ, ಚಟ್ನಿಪುಡಿ ಕುಟ್ಟಿಯಾಗಲಿ, ಖಾರಾ ಬಿಸ್ಕತ್ತಿನ ಹಿಟ್ಟು ಕಲಸಿಯಾಗಲಿ, "ಅಕ್ಕಾರ, ಉಪ್ಪು ನೋಡ್ರಿ" ಎಂಬ ಕೂಗು. ಅಕ್ಕ ನೆಕ್ಕಿ ನೋಡಿ, ಇನ್ನೊಂದು ಚಿಟಿಕೆ ಎನ್ನುತ್ತಿದ್ದಳು, ಇಲ್ಲವೇ ಸಾಕು ಎನ್ನುತ್ತಿದ್ದಳು. ಸುಳ್ಳೇಕೆ ಹೇಳಲಿ, ಅವಳಿಗೂ ಅದು ಹಿತವಾಗಿಯೇ ಇತ್ತು. ಬೆಳಗಾದರೆ ಹನ್ನೆರಡು ಜನ ತನ್ನ ಮುಖ ನೋಡಿ ನಿಲ್ಲುವುದು ಯಾರಿಗೆ ಹಿತವಲ್ಲ? ಎರಡು ವರ್ಷ ಆ ಅಡುಗೆಮನೆಯಿಂದ ಒಂದು ಪಾತ್ರೆಯೂ ರುಚಿಗೆಟ್ಟು ಊರ ಮದುವೆ, ಹಬ್ಬಗಳಿಗೆ ಹೋಗಲಿಲ್ಲ. ಉಂಡವರು ಆ ಹೆಂಗಸರ ಕೈರುಚಿಯನ್ನು ಹೊಗಳಿದರು. ಹೆಂಗಸರು ಅದನ್ನು ನಂಬಿದರು. ಪಾಪ, ಅಕ್ಕನೂ ನಂಬಿದಳು.

ಆಗ ದೂರದ ಪಟ್ಟಣದ ಒಂದು ಹೆಣ್ಣುಮಕ್ಕಳ ವಸತಿ ನಿಲಯದಿಂದ ಕರೆ ಬಂತು. ಅರವತ್ತು ಹುಡುಗಿಯರಿಗೆ ಅಡುಗೆ ಮಾಡುವವಳು ಬೇಕಾಗಿದ್ದಳು. ಮೂರು ದಿನ ಮಾಡಿ ತೋರಿಸಬೇಕು. ಒಪ್ಪಿಗೆಯಾದರೆ ಅಲ್ಲೇ ಇರಲು ಒಂದು ಕೋಣೆ, ಮಗಳಿಗೆ ಅಲ್ಲೇ ಊಟ, ಅಲ್ಲೇ ಶಾಲೆ. ನಿಂಬೆವ್ವನಿಗೆ ಇನ್ನೇನು ಬೇಕು? ಪಾತ್ರೆ ತೊಳೆಯಲು ಹೋಗುವಾಗ ಮಗಳನ್ನು ಇನ್ನೊಬ್ಬರ ಹಿತ್ತಿಲಲ್ಲಿ ಕೂರಿಸುವುದು ತಪ್ಪುತ್ತಿತ್ತು. ಮೊದಲ ದಿನಕ್ಕೆ ಜೊತೆಗೆ ಬನ್ನಿ ಎಂದು ಅವಳು ಅಕ್ಕನನ್ನು ಕೇಳಿಕೊಂಡಳು. ಅಕ್ಕ ನಕ್ಕಳು. ನಿನ್ನಂಥ ಕೈಗೆ ನನ್ನ ಕಾವಲು ಬೇಕೇ ಎಂದು ತಲೆ ಸವರಿ ಬಸ್ಸು ಹತ್ತಿಸಿದಳು.

ಅಕ್ಕನ ಅಡುಗೆಮನೆಯಲ್ಲಿ ಬಳಸುತ್ತಿದ್ದದ್ದು ಹರಳುಪ್ಪು. ಅರವತ್ತು ಜನರ ಸಾರಿಗೆ ನಾಲ್ಕು ಹಿಡಿ ಎಂದು ನಿಂಬೆವ್ವನ ಕೈಗೆ ಗೊತ್ತಿತ್ತು. ಆ ನಿಲಯದಲ್ಲಿ ಇದ್ದದ್ದು ಪುಡಿಯುಪ್ಪು. ಪುಡಿ ಹಿಡಿಯಲ್ಲಿ ಒತ್ತಾಗಿ ಕೂರುತ್ತದೆ, ಅಷ್ಟೇ ಹಿಡಿಗೆ ಹೆಚ್ಚು ಉಪ್ಪು. ಇದನ್ನು ಅಕ್ಕ ಹೇಳಿರಲಿಲ್ಲ. ನಾಲಗೆಯನ್ನು ಕೇಳಿ ಅಡುಗೆ ಮಾಡುವವರಿಗೆ ಅದನ್ನು ಹೇಳಬೇಕೆಂದು ಹೊಳೆಯುವುದೂ ಇಲ್ಲ. ನಿಂಬೆವ್ವ ನಾಲ್ಕು ಹಿಡಿ ಹಾಕಿದಳು. ಸೌಟು ಎತ್ತಿದಳು. ಚಾಚಲು ಅಂಗೈ ಇರಲಿಲ್ಲ. ಬಣ್ಣ ಸರಿಯಿತ್ತು, ವಾಸನೆ ಸರಿಯಿತ್ತು. ಬಡಿಸಿದರು. ಹುಡುಗಿಯರು ಒಂದು ತುತ್ತಿಗೇ ತಟ್ಟೆ ಸರಿಸಿ ನೀರು ಕುಡಿದರು. ಮರುದಿನ ಅಂಜಿ ಎರಡೇ ಹಿಡಿ ಹಾಕಿದಳು. ಅಂದು ಯಾರೂ ಬೈಯಲಿಲ್ಲ, ಯಾರೂ ಎರಡನೆಯ ಸಲ ಹಾಕಿಸಿಕೊಳ್ಳಲೂ ಇಲ್ಲ. ಮೂರನೆಯ ದಿನ ಬೆಳಗ್ಗೆ ಅವಳು ಮಗಳ ಕೈಹಿಡಿದು ಬಸ್ಸು ಹತ್ತಿ ಊರಿಗೆ ಬಂದುಬಿಟ್ಟಳು. ಅಕ್ಕನ ಕಣ್ಣಿಗೆ ಬೀಳಬಾರದೆಂದು ಊರಾಚೆಯ ಬಡಾವಣೆಯಲ್ಲಿ ಪಾತ್ರೆ ತೊಳೆಯಲು ಸೇರಿದಳು.

ಅಕ್ಕನಿಗೆ ಸುದ್ದಿ ಮುಟ್ಟಿದ್ದು ತಿಂಗಳ ಮೇಲೆ. ಮಂಡಿ ಎಳೆದುಕೊಂಡು ಅವಳ ಮನೆಗೆ ಹೋದಳು. ಆ ಹೊತ್ತಿಗೆ ನಿಲಯಕ್ಕೆ ಬೇರೊಬ್ಬಳು ಬಂದಾಗಿತ್ತು. ಅಕ್ಕನಿಗೆ ಮೊದಲು ಬಂದದ್ದು ಸಿಟ್ಟು. "ಎಂಜಲಾದರ ಆಗವಲ್ದ್ಯಾಕ. ಒಂದ್ಸಲ ನಾಲಗಿಗೆ ಹಚ್ಚಿ ನೋಡಿದ್ದರ ಈ ಗತಿ ಬರ್ತಿತ್ತೇನವ್ವ?" ಎಂದಳು.

ನಿಂಬೆವ್ವ ತಲೆ ಎತ್ತಲಿಲ್ಲ. "ನೋಡಿದೆರಿ ಅಕ್ಕಾರ. ಎರಡನೇ ದಿನ ಬಾಗಲಾ ಮುಚ್ಚಿಕೊಂಡು ನೋಡಿದೆ. ಮೂರು ಸಲ ನೋಡಿದೆ. ಅದು ಹೆಚ್ಚಾಗೇತೋ ಕಡಿಮಿ ಆಗೇತೋ ನನಗ ತಿಳೀಲೇ ಇಲ್ಲ. ನೀವು ಇದ್ದಿದ್ದರ ಏನಂತಿದ್ರಿ, ಅಷ್ಟs ತಲ್ಯಾಗ ಬರ್ತಿತ್ತು."

ಅವಳ ಮಾತಿನಲ್ಲಿ ದೂರು ಇರಲಿಲ್ಲ. ದೂರು ಇದ್ದಿದ್ದರೆ ಅಕ್ಕನಿಗೆ ಇಷ್ಟು ನೋವಾಗುತ್ತಿರಲಿಲ್ಲ. ಇವಳ ನಾಲಗೆಯನ್ನು ಮೊದಲು ಮನೆಯವರು ಕಟ್ಟಿದ್ದರು. ಆ ಕಟ್ಟನ್ನು ಬಿಚ್ಚಬೇಕಾದವಳು ತಾನು, ಅದರ ಮೇಲೆ ಇನ್ನೊಂದು ಗಂಟು ಹಾಕಿದೆನಲ್ಲ ಎಂದು ಅವಳಿಗೆ ಅಲ್ಲೇ ತಿಳಿಯಿತು. ತಿಳಿದು ಏನು ಬಂತು? ಹೋದ ಕೋಣೆ ಬರಲಿಲ್ಲ, ಮಗಳ ಶಾಲೆ ಬರಲಿಲ್ಲ. ಮತ್ತೆ ಬಾರವ್ವ, ಮೊದಲಿನಿಂದ ಕಲಿಯೋಣ ಎಂದು ಎಷ್ಟು ಕರೆದರೂ ನಿಂಬೆವ್ವ ಆ ಅಡುಗೆಮನೆಯ ಹೊಸ್ತಿಲು ತುಳಿಯಲಿಲ್ಲ.

ನಿಂಬೆವ್ವನ ಮನೆಗೆ ಹೋಗಿಬಂದ ಮರುದಿನದಿಂದ ಅಕ್ಕ ಸೌಟಿಗೆ ಕೈ ಒಡ್ಡುವುದನ್ನು ನಿಲ್ಲಿಸಿದಳು. ನೀವೇ ನೋಡಿ ಎಂದಳು. ಹೆಂಗಸರು ಅಕ್ಕನಿಗೆ ಸಿಟ್ಟು ಬಂದಿದೆ ಎಂದುಕೊಂಡರು. ನಾಲ್ವರು ಬಿಟ್ಟೇ ಹೋದರು. ಉಳಿದವರು ಎಷ್ಟೋ ದಿನ ಅಡುಗೆ ಕೆಡಿಸಿದರು, ಭಟ್ಟಿಯಿಂದ ತೆಗೆದ ಬಿಸ್ಕತ್ತನ್ನು ದನಕ್ಕೆ ಹಾಕಿದರು, ಅತ್ತರು. ಆಮೇಲೆ ಒಬ್ಬೊಬ್ಬರಾಗಿ ಕಲಿತರು. ಅವರು ಕಲಿತಷ್ಟೂ ಅಕ್ಕನಿಗೆ ನಿಂಬೆವ್ವನ ನೆನಪೇ ಹೆಚ್ಚಾಗುತ್ತಿತ್ತು. ಸಾಯುವವರೆಗೂ ಆ ಕೊರಗು ಅವಳನ್ನು ಬಿಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಬಾಡಿತ್ತು. ಅವನು ಕೈಮುಗಿದು ಕೇಳಿದ: "ತಪ್ಪು ತಿಳಿಯಿತು, ಗುರುಗಳೇ. ನಾಳೆಯಿಂದ ಆ ವಿದ್ಯಾರ್ಥಿಗಳೊಂದಿಗೆ ನಾನು ಹೇಗೆ ಇರಬೇಕು, ಹೇಳಿ. ನೀವು ಹೇಳಿದ ಹಾಗೆಯೇ ಮಾಡುತ್ತೇನೆ."

ಗುರುಗಳು ಕಣ್ಣು ಮುಚ್ಚಿಕೊಂಡು ಅಂದರು:

"ನೋಡಪ್ಪ, ಹದಿನಾಲ್ಕು ವರ್ಷ ಜೊತೆಗಿಟ್ಟುಕೊಂಡು ನಾನೂ ನಿನಗೆ ಕೇಳುವುದನ್ನಷ್ಟೇ ಕಲಿಸಿದೆ."