ಬೆನ್ನು ನೋಡಿದವರು

ಕೆರೆಯ ಈ ದಡಕ್ಕೊಂದು ವಿಶ್ವವಿದ್ಯಾಲಯ, ಆ ದಡಕ್ಕೊಂದು. ವರ್ಷಕ್ಕೊಮ್ಮೆ ಎರಡರ ನಡುವೆ ದೋಣಿ ಪಂದ್ಯ. ಈ ದಡದವರು ಗೆದ್ದದ್ದು ದೋಣಿಮನೆಯ ಅಟೆಂಡರಿಗೆ ನೆನಪೇ ಇಲ್ಲ. ದೋಣಿ ಹಳೆಯದು, ಅವನೂ ಹಳಬ.

ಪಂದ್ಯದ ಬೆಳಿಗ್ಗೆ ಕುಲಪತಿ ಆರಾಧ್ಯರು ದೋಣಿಮನೆಗೆ ಬಂದು ಅವನ ಮೇಲೆ ಗುಡುಗಿದರು. "ಈ ಸಲ ನಮ್ಮ ಹುಡುಗರು ಅವರ ಬೆನ್ನು ನೋಡಕೂಡದು. ಅವರೇ ನಮ್ಮ ಬೆನ್ನು ನೋಡಬೇಕು. ತಪ್ಪಿದರೆ ನಾಳೆಯಿಂದ ನೀನು ಕೆಲಸಕ್ಕೆ ಬರಬೇಡ."

"ಆಗಲಿ ಸಾರ್," ಅಂದ ಅವನು, ದೋಣಿಯೊಳಗಿನ ನೀರು ಮೊಗೆಯುತ್ತಲೇ.

ಮಧ್ಯಾಹ್ನ ಎಂದಿನಂತೆ ಸೋತರು. ಆರಾಧ್ಯರು ಕೆಂಡವಾಗಿ ಬಂದರು. "ಏನಯ್ಯಾ ಹೇಳಿದ್ದೆ ನಾನು?"

"ಹೇಳಿದ ಹಾಗೇ ಆಯ್ತಲ್ಲ ಸಾರ್. ಹುಟ್ಟು ಹಾಕೋರು ದೋಣಿ ಹೋಗೋ ದಿಕ್ಕಿಗೆ ಬೆನ್ನು ಹಾಕಿ ಕೂರ್ತಾರೆ. ಆ ದಡದೋರು ಮುಂದಿದ್ರು, ದಾರಿಯುದ್ದಕ್ಕೂ ನಮ್ಮ ಹುಡುಗರ ಬೆನ್ನನ್ನೇ ನೋಡ್ಕೊಂಡು ಹೋದ್ರು. ನಮ್ಮೋರು ಅವರ ಕಡೆ ತಿರುಗಿಯೂ ನೋಡ್ಲಿಲ್ಲ."

ಆರಾಧ್ಯರು ಸುತ್ತ ಒಮ್ಮೆ ನೋಡಿ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಈ ಮಾತು ಬೇರೆ ಯಾರಿಗಾದರೂ ಹೇಳಿದೀಯಾ?"

"ಇಲ್ಲ ಸಾರ್."

"ಹೇಳಬೇಡ. ಸಂಜೆ ಭಾಷಣಕ್ಕೆ ಬೇಕು."

"ತಗೊಳ್ಳಿ ಸಾರ್," ಅಂದು ಅವನು ದೋಣಿಯನ್ನು ಒಣಗಲು ಬೋರಲು ಹಾಕಿದ. "ಜೋಪಾನವಾಗಿ ಇಟ್ಕೊಳ್ಳಿ. ಮುಂದಿನ ವರ್ಷಕ್ಕೂ ಬೇಕಾಗುತ್ತೆ."