ಉಸಿರಾಡುವ ಹಗೇವು

ಶಿಷ್ಯ ಕೇಳಿದ: "ಗುರುಗಳೇ, ಹಿರಿಯರು ಮುಚ್ಚಿಟ್ಟು ಹೋದದ್ದನ್ನು ತೆರೆದು ನೋಡುವುದು ಅಪನಂಬಿಕೆಯಲ್ಲವೇ?"

ಗುರುಗಳು ಹೇಳಿದರು:

ಎರೆಭೂಮಿಯ ಒಂದು ಊರು. ಅದರ ಅಂಚಿನಲ್ಲಿ ಹಿರಿಯರು ಒಂದು ಹಗೇವು ಮಾಡಿದ್ದರು. ನೆಲವನ್ನು ಬಾವಿಯಂತೆ ತೋಡಿ, ಒಳಗೆ ಸುತ್ತಲೂ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದ ಕಣಜ ಅದು. ಸುಗ್ಗಿ ಬಂದಾಗಲೆಲ್ಲ ಹಳೆಯ ಜೋಳ ತೆಗೆದು ಹಂಚುತ್ತಿದ್ದರು, ಹೊಸದನ್ನು ಸುರಿಯುತ್ತಿದ್ದರು. ಕೆಟ್ಟ ವರ್ಷಗಳಲ್ಲಿ ಊರು ಅದರಿಂದಲೇ ಉಂಡಿತು.

ಆಮೇಲೆ ಒಳ್ಳೆಯ ಬೆಳೆಯ ಕಾಲ ಬಂತು. ಮನೆಮನೆಯಲ್ಲೂ ಕಾಳಿತ್ತು. ಹಗೇವನ್ನು ತೆರೆಯುವುದು ನಿಂತುಹೋಯಿತು. ಹತ್ತಿರದಲ್ಲೇ ಒಂದು ಕೆರೆ ಕಟ್ಟಿದರು. ಅದರ ತೇವ ಮಣ್ಣಿನೊಳಗೆ ಸರಿಯುತ್ತ ಹೋಯಿತು.

ಒಂದು ಚಳಿಗಾಲದ ಬೆಳಿಗ್ಗೆ ಚಪ್ಪಡಿಯ ಸಂದಿನಿಂದ ಹಬೆ ಏಳುತ್ತಿತ್ತು. ಮುಟ್ಟಿದರೆ ಕಲ್ಲು ಮನುಷ್ಯರ ಮೈಯಂತೆ ಬೆಚ್ಚಗಿತ್ತು. ಒಳಗೆ ಭೂಮಿತಾಯಿ ಉಸಿರಾಡುತ್ತಿದ್ದಾಳೆ ಎಂದು ಜನ ಅರಿಶಿನ ಕುಂಕುಮ ಹಚ್ಚಿದರು. ಕೂಸುಗಳನ್ನು ತಂದು ಅದರ ಮೇಲೆ ಮಲಗಿಸಿದರು.

ಫಕೀರಪ್ಪನೆಂಬ ರೈತನ ಹೆಂಡತಿ ನಿಂಗವ್ವ ಬೇರೆ ಊರಿಂದ ಬಂದವಳು. ಕಲ್ಲು ಮುಟ್ಟಿ ನೋಡಿ ಊರ ಗೌಡನ ಬಳಿ ಹೋದಳು.

"ಗೌಡ್ರ, ಕಾಳು ಬೆಚ್ಚಗಾತಂದ್ರ ಕೊಳಿಯಾಕ ಹತ್ತೇತಿ ಅಂತ. ಒಮ್ಮೆ ತೆಗಿಸಿ ನೋಡ್ರಿ."

"ಉಸಿರಾಡೋ ತಾಯಿ ಬಾಯಿ ತೆಗೀತಾರೇನವ್ವಾ? ಹಿರ್ಯಾರು ಮುಚ್ಚಿದ್ದು ಅದು. ಮನಿಗೆ ನಡಿ."

ಮುಂದೆ ಒಂದು ವರ್ಷ ಮಿಡತೆಗಳು ಬಂದು ಹೊಲಗಳನ್ನೆಲ್ಲ ತಿಂದುಹಾಕಿದವು. ಮನೆಗಳಲ್ಲಿ ಕಾಳು ಮುಗಿಯಿತು. ಗೌಡನೇ ಪೂಜೆ ಮಾಡಿಸಿ ಚಪ್ಪಡಿ ಸರಿಸಿದ. ಒಳಗೆ ದೀಪ ಇಳಿಬಿಟ್ಟರು. ಯಾರೋ ಬೆರಳಿನಿಂದ ಹಿಸುಕಿದಂತೆ ಅದು ಆರಿಹೋಯಿತು. ಒಳಗಿನ ಗಾಳಿ ಕೆಟ್ಟಿದೆ, ದೀಪ ಉರಿಯುವವರೆಗೆ ಯಾರೂ ಇಳಿಯಬೇಡಿ ಎಂದು ನಿಂಗವ್ವ ಕೂಗಿಕೊಂಡಳು. ತಾಯಿಗೆ ಬೆಂಕಿ ಒಗ್ಗದು ಎಂದ ಗೌಡ. ಫಕೀರಪ್ಪ ಹೆಂಡತಿಯ ಮುಖ ನೋಡಿದ. ಗೌಡನ ಮುಖ ನೋಡಿದ. ಹಗ್ಗ ಹಿಡಿದು ಇಳಿದ.

ಒಳಗಿಂದ ಸದ್ದಿಲ್ಲ. ಹಗ್ಗ ಸಡಿಲವಾಯಿತು. ಮೇಲಿದ್ದವರು ಕೈಮುಗಿದು ನಿಂತೇ ಇದ್ದರು.

ನಿಂಗವ್ವ ಮತ್ತೆ ಮತ್ತೆ ದೀಪ ಇಳಿಸಿದಳು. ಅದು ಆರದೆ ನಿಂತ ಮೇಲೆ ತಾನೇ ಇಳಿದಳು. ಜೋಳ ಕಪ್ಪಾಗಿ ಹೆಪ್ಪುಗಟ್ಟಿತ್ತು. ಅವಳ ಗಂಡ ಗೋಡೆಗೆ ಒರಗಿ, ಏನನ್ನೋ ಆಲಿಸುವವನಂತೆ ಕುಳಿತಿದ್ದ. ಕೈ ಹಿಡಿದಳು. ಕೈ ಬೆಚ್ಚಗಿತ್ತು. ಜೀವವಿದೆ ಎಂದುಕೊಂಡು, ಎಂದೂ ಹೇಳದ ಅವನ ಹೆಸರು ಹಿಡಿದು ಕರೆದಳು. ಎದೆಗೆ ಕಿವಿಯಿಟ್ಟಳು. ಎದೆ ಸುಮ್ಮನಿತ್ತು. ಆ ಬಿಸಿ ಕಾಳಿನದು.

ಅವನನ್ನು ಮೇಲೆತ್ತಿದರು. ಗೌಡ ಚಪ್ಪಡಿಯನ್ನು ಮತ್ತೆ ಎಳೆಸಿ ಮಣ್ಣು ಮೆತ್ತಿಸಿದ. ಒಂದೊಂದೇ ಮನೆಯವರು ಊರು ಬಿಟ್ಟರು. ಹೋಗುವಾಗಲೂ ಆ ಕಲ್ಲಿಗೆ ಹಣೆ ಹಚ್ಚಿ ಹೋದರು. ನಿಂಗವ್ವ ಹಚ್ಚಲಿಲ್ಲ.

ಶಿಷ್ಯ ಮೆಲ್ಲಗೆ ಕೇಳಿದ: "ತೆರೆದದ್ದರಿಂದಲ್ಲವೇ ಅವನು ಸತ್ತದ್ದು? ಹಿರಿಯರು ಮುಚ್ಚಿದಂತೆಯೇ ಬಿಟ್ಟಿದ್ದರೆ?"

ಗುರುಗಳು ಹೇಳಿದರು: "ಮಗೂ, ಹಿರಿಯರು ಅದನ್ನು ಮುಚ್ಚಿದ್ದೇ ತೆರೆಯುವುದಕ್ಕೆ."