ದ್ಯಾವಮ್ಮನ ಸೀಬೆಮರ

ನಗು ಬಂದರೆ ನಕ್ಕುಬಿಡಿ, ಆಮೇಲೆ ಯಾಕೆ ನಗಿಸಿದೆ ಅಂತ ನನ್ನ ಕೇಳಬೇಡಿ. ದ್ಯಾವಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಸಣ್ಣೀರ. ಮೂವತ್ತು ವರ್ಷದ ಆಳು, ಹೇಳಿದ್ದನ್ನ ಹೇಳಿದ ಹಾಗೇ ಮಾಡೋ ಪೆದ್ದ. ಹಿತ್ತಲಲ್ಲಿ ಒಂದು ಹಳೇ ಸೀಬೆಮರ. ಅದರ ಹಣ್ಣು ಮಾರಿಯೇ ಇಬ್ಬರ ಹೊಟ್ಟೆ ತುಂಬಬೇಕು. ದ್ಯಾವಮ್ಮನಿಗೋ ಎದೆನೋವು. ತಾನು ಸತ್ತರೆ ಇವನಿಗೆ ಅನ್ನ ಹಾಕೋರು ಯಾರು ಅನ್ನೋದೊಂದೇ ಚಿಂತೆ.

ಆ ವರ್ಷ ಮರ ಪೊದೆಯಾಗಿ ಕಾಯಿ ಕಮ್ಮಿಯಾಯ್ತು.

"ಮಗಾ, ನನ್ ಕೈಲಾಗಲ್ಲ. ಹೋಗಿ ಮರ ಸವರ್ಲಾ," ಅಂದಳು.

ಹೋದ. ಸಂಜೆಯಾದರೂ ಬರಲಿಲ್ಲ. ಅವ್ವ ಹೋಗಿ ನೋಡಿದರೆ, ಅಂಗೈಗೆ ಹರಳೆಣ್ಣೆ ಸುರಿದುಕೊಂಡು ಮರವನ್ನ ಮೇಲಿಂದ ಕೆಳಕ್ಕೆ ಸವರ್ತಾ ಇದ್ದಾನೆ!

"ಅಯ್ಯೋ ನನ್ ಕರ್ಮವೇ! ಮರ ಸವರೋದು ಅಂದ್ರೆ ಕಡಿಯೋದು ಕಣ್ಲಾ! ಒಣಗಿರೋದನ್ನೆಲ್ಲ ಕಡಿದಾಕು!"

"ಆಗ್ಲಿ ಕಣವ್ವ."

ಮಾರನೇ ದಿನ ಕೊಂಬೆ ಮೇಲೆ ಅವ್ವನ ಎರಡು ಸೀರೆ ಹರವಿತ್ತು. ಒಣಗಿದ ಸೀರೆಯನ್ನ ಮಚ್ಚಿನಲ್ಲಿ ಚೂರುಚೂರು ಮಾಡಿದ. ಇನ್ನೊಂದನ್ನ ಮುಟ್ಟಲಿಲ್ಲ.

"ಇದಿನ್ನೂ ಹಸಿ ಐತೆ ಕಣವ್ವ!"

"ಬೆಪ್ತಕ್ಕಡಿ! ಸೀರೆಯಲ್ಲ, ಕೊಂಬೆ! ಮರ ಹತ್ತಿ ಕೊಂಬೆ ಕಡಿ. ನೀನು ಕೂತಿರೋ ಕೊಂಬೆ ಮಾತ್ರ ಕಡೀಬ್ಯಾಡ, ಹುಷಾರು!"

"ಆಗ್ಲಿ ಕಣವ್ವ."

ಹತ್ತಿದ. ಕೂತ ಕೊಂಬೆ ಒಂದನ್ನ ಬಿಟ್ಟ, ಮಿಕ್ಕಿದ್ದೆಲ್ಲ ಕಡಿದ. ಅದರಲ್ಲೂ ಒಂದು ಹಸಿರೆಲೆ ಉಳಿಸಲಿಲ್ಲ.

"ನಿನ್ ಅನ್ನಾನೇ ಕಡಿದ್ಯಲ್ಲೋ!" ಅಂತ ದ್ಯಾವಮ್ಮ ಎದೆ ಹಿಡಿದುಕೊಂಡು ಬಿದ್ದಳು. ಮತ್ತೆ ಚಾಪೆ ಬಿಟ್ಟು ಏಳಲಿಲ್ಲ. ಮಲಗಿದ್ದಲ್ಲಿಂದಲೇ ಹೇಳಿದಳು: "ಕಡಿದ ಕಡೆಗೆಲ್ಲ ಸಗಣಿ ಮೆತ್ತು. ದಿನಾ ಒಂದ್ ಕೊಡ ನೀರು ಹಾಕು."

ಇದೊಂದನ್ನ ಸರಿಯಾಗಿ ಮಾಡಿದ. ತಿಂಗಳಾಗೋದರೊಳಗೆ ಮೋಟುಮರ ಚಿಗುರಿತು.

"ಚಿಗುರ್ತು ಕಣವ್ವ!"

ದ್ಯಾವಮ್ಮ ಸಂತೋಷಕ್ಕೆ ಅತ್ತುಬಿಟ್ಟಳು. "ಇನ್ ನಾನು ನೆಮ್ಮದಿಯಾಗಿ ಹೋಯ್ತೀನಿ. ನಾನು ಸತ್ತ ಮ್ಯಾಲೆ ಆ ಮರಾನೇ ನಿಮ್ಮವ್ವ. ತಿಳೀತಾ?"

"ತಿಳೀತು ಕಣವ್ವ."

ಮೂರನೇ ದಿನ ಬೆಳಿಗ್ಗೆ ಪ್ರಾಣ ಹೋಯ್ತು. ಜಗಲಿ ಮೇಲೆ ಮಲಗಿಸಿದರು. ಪಕ್ಕದ ಮನೆ ಬೋರಣ್ಣ ಸಣ್ಣೀರನ ಹೆಗಲು ತಟ್ಟಿ, "ಅಳ್ತಾ ಕೂರಬ್ಯಾಡ ಕಣ್ಲಾ. ಹೊತ್ತು ಮುಳುಗೋದರೊಳಗೆ ನಿಮ್ಮವ್ವನ್ನ ಮಣ್ಣು ಮಾಡ್ಬೇಕು. ಮಗ ನೀನೇ ಮುಂದೆ ನಿಂತ್ಕೊ," ಅಂದ. ಎಲ್ಲರೂ ಚಟ್ಟಕ್ಕೆ ಬಿದಿರು ತರೋಕೆ ಹೋದರು.

ಬಂದು ನೋಡಿದರೆ ಹಿತ್ತಲಲ್ಲಿ ಮರ ಇಲ್ಲ! ಅದು ನಿಂತಿದ್ದ ಜಾಗದಲ್ಲಿ ಉದ್ದಕ್ಕೆ ಹಸಿಮಣ್ಣಿನ ಗುಡ್ಡೆ, ಮೇಲೆ ಅರಿಸಿನ ಕುಂಕುಮ. ಪಕ್ಕದಲ್ಲಿ ಕೊಡಲಿ, ಗುದ್ದಲಿ.

"ಏನ್ಲಾ ಮಾಡ್ದೆ?"

"ನಿಮ್ಮವ್ವನ್ನ ಮಣ್ಣು ಮಾಡು ಅಂದ್ರಲ್ಲಣ್ಣ, ಮಾಡ್ದೆ. ತಾನು ಸತ್ತ ಮ್ಯಾಲೆ ಮರಾನೇ ನಿಮ್ಮವ್ವ ಅಂತ ಅವ್ವನೇ ಹೇಳಿದ್ಲು."

ಯಾರೂ ಬೈಯಲಿಲ್ಲ. ಸಣ್ಣೀರ ಒಬ್ಬೊಬ್ಬರ ಮುಖ ನೋಡಿದ. ಕೊನೆಗೆ ಜಗಲಿ ಹತ್ತಿ, ಅವ್ವನ ತಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಕಿವಿ ಕೊಟ್ಟ.

"ಬೈಯವ್ವ," ಅಂದ. "ತಪ್ಪಾಗಿದ್ರೆ ಬೈಯವ್ವ."